ಬಲಗಡೆ ಕೂತವರ ನಡಿಗೆ

"ಹಗ್ಗಜಗ್ಗಾಟದಾಗ ಆಧ್ಯಾತ್ಮಿಕ ಅಂಶ ಏನದರಿ, ವಿಮಲಾಬಾಯಿ?"

ಈ ಪ್ರಶ್ನೆಗೆ ನಿಮ್ಮಲ್ಲಿ ಯಾರಿಗಾದರೂ ಉತ್ತರ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ನನಗಂತೂ ಹೊಳೆಯಲಿಲ್ಲ. ಒಂದು ಹಗ್ಗ. ಆ ಕಡೆ ಹನ್ನೊಂದು ಜನ, ಈ ಕಡೆ ಹನ್ನೊಂದು ಜನ. ಎಳೆಯುತ್ತಾರೆ. ಒಂದು ಕಡೆಯವರು ದಬ್ಬೆಂದು ಬೀಳುತ್ತಾರೆ. ಎರಡೂ ಕಡೆಯವರು ನಗುತ್ತಾರೆ. ಇದರಲ್ಲಿ ಆಧ್ಯಾತ್ಮಿಕ ಅಂಶವನ್ನು ನಾನು ಎಲ್ಲಿಂದ ಹಿಡಿದು ತರಲಿ?

ಕೇಳಿದವರು ನಮ್ಮ ಚರ್ಚಿನ ಹಿರಿಯರು. ನಿವೃತ್ತ ಹೆಡ್‌ಮಾಸ್ತರರು, ಎಲ್ಲರ ಬಾಯಲ್ಲೂ ಗುರೂಜಿ. ಎಪ್ಪತ್ತು ದಾಟಿದ್ದರೂ ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎದುರಿಗೆ ಒಂದು ರಿಜಿಸ್ಟರ್. ನಾನು ಉತ್ತರ ಕೊಡದೆ ಕೂತದ್ದನ್ನು ನೋಡಿ, ಅವರು ‘ಹಗ್ಗಜಗ್ಗಾಟ’ ಎಂಬ ಶಬ್ದದ ಮೇಲೆ ಸ್ಕೇಲ್ ಇಟ್ಟು ನೆಟ್ಟಗೆ ಒಂದು ಗೆರೆ ಎಳೆದರು. ಆಟ ಮುಗಿಯಿತು. ಶುರುವಾಗುವ ಮೊದಲೇ.

ಈ ಅಂಕಣ ಓದುವವರಿಗೆ ನನ್ನ ಹಣೆಬರಹ ಗೊತ್ತೇ ಇದೆ. ಹುಟ್ಟಿದ್ದು ಹುಮನಾಬಾದ, ಕೊಟ್ಟಿದ್ದು ಮಹಾರಾಷ್ಟ್ರದ ಉದಗೀರಕ್ಕೆ. ಇಪ್ಪತ್ತೇಳು ವರ್ಷದಿಂದ ಇಲ್ಲಿಯ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೂತು ಹುಡುಗರಿಗೆ ಪುಸ್ತಕ ಕೊಡುವುದು, ಆಮೇಲೆ ವಾಪಸ್ ಕೊಡ್ರಪ್ಪಾ ಎಂದು ಬೇಡಿಕೊಳ್ಳುವುದು ನನ್ನ ಕೆಲಸ. ಭಾನುವಾರ ಚರ್ಚು. ನಮ್ಮ ಚರ್ಚಿನಲ್ಲಿ ಪಾಸ್ಟರ್ ಮಾಡುವ ಪ್ರಸಂಗ ಮರಾಠಿಯಲ್ಲಿ, ಹಾಡು ಎರಡೂ ಭಾಷೆಯಲ್ಲಿ, ಗುಸುಗುಸು ಕನ್ನಡದಲ್ಲಿ.

ಆ ಗುಸುಗುಸುವೇ ನನ್ನನ್ನು ಸಿಕ್ಕಿಸಿಹಾಕಿತು. ಒಂದು ಭಾನುವಾರ ಆರಾಧನೆ ಮುಗಿದು ಚಹಾ ಕುಡಿಯುವಾಗ, ನಮ್ಮ ಯುವಜನರ ಗುಂಪಾದ ಯೂತ್‌ನ ಮಕ್ಕಳು ಹಿಂದಿನ ಬೆಂಚಿನಲ್ಲಿ ಕೂತು ಮೊಬೈಲ್ ನೋಡುತ್ತಾರೆ ಎಂದು ಯಾರೋ ಬೈದರು. ನಾನು ಅಂದೆ: ನೋಡದೆ ಏನು ಮಾಡ್ತಾವೆ? ನಾವು ಅವಕ್ಕೆ ಕೊಟ್ಟಿರೋದು ಎರಡೇ, ಉಪದೇಶ ಮತ್ತು ಕುರ್ಚಿ ಎತ್ತಿಡುವ ಕೆಲಸ. ಒಂದು ಆಟ ಇಲ್ಲ, ಒಂದು ನಗು ಇಲ್ಲ.

ಪಾಸ್ಟರ್ ಅಲ್ಲೇ ನಿಂತಿದ್ದರು. (ಚರ್ಚಿನಲ್ಲಿ ಒಳ್ಳೆಯ ಸಲಹೆಯನ್ನು ಎಂದಿಗೂ ಜೋರಾಗಿ ಕೊಡಬೇಡಿ. ಕೊಟ್ಟವರ ಕೊರಳಿಗೇ ಬೀಳುತ್ತದೆ.) ಮುಂದಿನ ವಾರವೇ ಮೂವರ ಸಮಿತಿ ಘೋಷಣೆಯಾಯಿತು. ಪಾಸ್ಟರ್, ಗುರೂಜಿ, ನಾನು. ಹೆಸರು ‘ಕರಮಣೂಕ್ ಸಮಿತಿ’. ಕರಮಣೂಕ್ ಅಂದರೆ ಮರಾಠಿಯಲ್ಲಿ ಮನರಂಜನೆ. ಆ ಸಮಿತಿಯಷ್ಟು ಮನರಂಜನೆ ಇಲ್ಲದ ಜಾಗವನ್ನು ನಾನು ಜನ್ಮದಲ್ಲಿ ಕಂಡಿಲ್ಲ.

ಕೆಲಸ ಬಹಳ ಸಣ್ಣದು. ಶನಿವಾರ ಮಧ್ಯಾಹ್ನ ಎರಡು ತಾಸು, ಇಪ್ಪತ್ತೆರಡು ಹುಡುಗ ಹುಡುಗಿಯರು. ಅವರಿಗೆ ಯೋಗ್ಯವಾದ ಒಂದು ಆಟ ಆರಿಸುವುದು.

‘ಯೋಗ್ಯ’ ಎನ್ನುವ ಶಬ್ದ ಇದೆಯಲ್ಲ, ಅದರಷ್ಟು ಅಪಾಯಕಾರಿ ಶಬ್ದ ಇನ್ನೊಂದಿಲ್ಲ. ನಾಲ್ಕು ತಿಂಗಳು ನಾವು ಅದರ ಸುತ್ತ ತಿರುಗಿದೆವು.

ಕ್ರಿಕೆಟ್? ಚೆಂಡು ಪಕ್ಕದ ವಕೀಲರ ಅಂಗಳಕ್ಕೆ ಹೋಗುತ್ತದೆ, ವಕೀಲರ ಜೊತೆ ಜಗಳ ಬೇಡ. ಖೋಖೋ? ಹುಡುಗಿಯರು ಓಡಬೇಕಾಗುತ್ತದೆ. (ಹೌದು, ಖೋಖೋದಲ್ಲಿ ಓಡಬೇಕಾಗುತ್ತದೆ. ಇದನ್ನು ಗುರೂಜಿ ಒಂದು ಗುಪ್ತ ಮಾಹಿತಿ ಹೇಳುವಂತೆ ದನಿ ತಗ್ಗಿಸಿ ಹೇಳಿದರು.) ಕೇರಂ? ಅದು ಪಾನ್ ಅಂಗಡಿ ಹಿಂದೆ ಆಡುವ ಆಟ. ಹೌಸಿ? ಜೂಜು. ಸಿನಿಮಾ? ಯಾವ ಸಿನಿಮಾ? ಹಾಡು ಇಲ್ಲದ್ದು. ಅಂಥದ್ದು ಎಲ್ಲಿದೆ? ಹುಡುಕಿರಿ.

ಅಂತಾಕ್ಷರಿ ಆಡಿಸೋಣ ಅಂದೆ. ಭಕ್ತಿಗೀತೆ ಮಾತ್ರ ಎಂಬ ಷರತ್ತಿನ ಮೇಲೆ ಗುರೂಜಿ ಒಪ್ಪಿದರು. ಪಾಸ್ಟರ್ ಅಲ್ಲೇ ಟ್ರೈ ಮಾಡಿ ನೋಡೋಣ ಎಂದು ಒಂದು ಸಾಲು ಹಾಡಿದರು. ಮೂರು ಹಾಡು ಮುಗಿಯುವುದರಲ್ಲಿ ಗೊತ್ತಾಯಿತು, ನಮ್ಮ ಹಾಡುಪುಸ್ತಕದಲ್ಲಿ ಅರ್ಧ ಹಾಡು ಶುರುವಾಗುವುದು ‘ಯೇ’ ಎಂಬ ಒಂದೇ ಅಕ್ಷರದಿಂದ. ಅದನ್ನೂ ಬಿಟ್ಟೆವು.

ಇನ್ನು ಉಳಿದದ್ದು ನಮ್ಮ ಕಿಲ್ಲಾ, ಅಂದರೆ ಹಳೆಯ ಕೋಟೆ. ಊರಲ್ಲೇ ಇದೆ, ಸಂಜೆ ತಂಪಿಗೆ ಹೋಗಿ ಬರಬಹುದು, ಡಬ್ಬಿ ಕಟ್ಟಿಕೊಂಡು ಹೋದರೆ ಪಿಕ್ನಿಕ್. ಪಾಸ್ಟರಿಗೆ ಉತ್ಸಾಹ ಬಂತು. ನನಗೂ ಬಂತು. ಗುರೂಜಿ ಮಾತ್ರ ಪೆನ್ನು ಕೆಳಗಿಟ್ಟರು. ಈ ಸಲ ಅವರ ದನಿಯಲ್ಲಿ ಮಾಸ್ತರಿಕೆ ಇರಲಿಲ್ಲ. ಅಲ್ಲಿ ಬುರುಜು ಏರಬೇಕು, ಮೆಟ್ಟಿಲು ಸವೆದಿವೆ, ನಮ್ಮ ಸರಿತಾಗೆ ಹೇಗೆ ಆಗುತ್ತದೆ ಎಂದರು.

ಸರಿತಾ ಅಂದರೆ ಇಪ್ಪತ್ತು ವರ್ಷದ ಹುಡುಗಿ. ಕಾಸಾರಶಿರಸಿಯವಳು, ಇಲ್ಲಿ ಹಾಸ್ಟೆಲಿನಲ್ಲಿದ್ದು ಫಾರ್ಮಸಿ ಓದುತ್ತಾಳೆ. ಹುಟ್ಟಿದಾಗಿನಿಂದ ಎಡಗಾಲು ಸಣ್ಣದು. ದಪ್ಪ ಅಟ್ಟೆಯ ಬೂಟು ಹಾಕಿಕೊಂಡು, ಒಂದು ಕಡೆಗೆ ವಾಲಿ ನಡೆಯುತ್ತಾಳೆ.

ಹೌದಲ್ಲ, ನಮಗೆ ಹೊಳೆಯಲೇ ಇಲ್ಲ ಎಂದು ನಾನು ಗುರೂಜಿಗೆ ಥ್ಯಾಂಕ್ಸ್ ಕೂಡ ಹೇಳಿದೆ. ಕಿಲ್ಲಾದ ಮೇಲೂ ಗೆರೆ ಬಿತ್ತು. ಆ ದಿನ ಮನೆಗೆ ಹೋಗುವಾಗ ನನಗೆ ಬಹಳ ಒಳ್ಳೆಯವಳಾದ ಹಾಗೆ ಅನಿಸಿತು. ನಿಮಗೂ ಹಾಗೆ ಆಗಿದೆಯೇ? ಯಾರದೋ ಪರವಾಗಿ, ಅವರಿಗೆ ಗೊತ್ತಿಲ್ಲದೆ, ಒಂದು ನಿರ್ಧಾರ ಮಾಡಿ ಹಿಗ್ಗಿದ್ದು?

ಕೊನೆಗೆ ಉಳಿದದ್ದು ಪಾರ್ಸಲ್ ಆಟ. ಎಲ್ಲರಿಗೂ ಗೊತ್ತಿರುವುದೇ. ದುಂಡಗೆ ಕೂರುವುದು, ಒಂದು ಪೊಟ್ಟಣ ಕೈಯಿಂದ ಕೈಗೆ ದಾಟಿಸುವುದು, ಸಂಗೀತ ನಿಂತಾಗ ಪೊಟ್ಟಣ ಯಾರ ಕೈಯಲ್ಲಿದೆಯೋ ಅವರು ಒಂದು ಚೀಟಿ ಎತ್ತಿ ಅದರಲ್ಲಿ ಬರೆದಂತೆ ಮಾಡುವುದು. ಓಡುವ ಹಾಗಿಲ್ಲ, ಏರುವ ಹಾಗಿಲ್ಲ, ಚೆಂಡಿಲ್ಲ, ಸಿನಿಮಾ ಇಲ್ಲ. ಕೂತಲ್ಲೇ ಆಟ. ಯಾರಿಗೂ ನೋವಾಗುವುದು ಸಾಧ್ಯವೇ ಇಲ್ಲ.

ಚೀಟಿ ಬರೆಯುವ ಕೆಲಸ ನನಗೆ ಬಂತು. ಲೈಬ್ರರಿಯ ಹಳೆಯ ಕಾರ್ಡುಗಳನ್ನು ಕತ್ತರಿಸಿ ಇಪ್ಪತ್ತೈದು ಚೀಟಿ ಬರೆದೆ. ಬೈಬಲಿನ ಒಂದು ವಚನ ಬಾಯಿಪಾಠ ಹೇಳಿ. ಬೆಕ್ಕಿನಂತೆ ಕೂಗಿ. ನಿಮ್ಮ ಅವ್ವ ಸಿಟ್ಟು ಬಂದಾಗ ಏನು ಹೇಳುತ್ತಾಳೆ, ಹೇಳಿ ತೋರಿಸಿ. ಹೀಗೆ. ಗುರೂಜಿ ಇಪ್ಪತ್ತೈದನ್ನೂ ಕನ್ನಡಕ ಏರಿಸಿ ಓದಿ, ಎರಡು ಕಾಗುಣಿತ ತಿದ್ದಿ, ಪಾಸ್ ಮಾಡಿದರು.

ಶನಿವಾರ ಬಂತು. ಚರ್ಚಿನ ಪಕ್ಕದ ಹಾಲಿನಲ್ಲಿ ಜಮಖಾನೆ ಹಾಸಿದೆವು. ಪಾಸ್ಟರ್ ಬೆನ್ನು ತಿರುಗಿಸಿ ಕೀಬೋರ್ಡ್ ನುಡಿಸಿದರು. ಹಿರಿಯರಿಗೆ ಗೋಡೆ ಪಕ್ಕ ಕುರ್ಚಿ. ಸುದ್ದಿ ಕೇಳಿ ಇನ್ನೂ ಏಳೆಂಟು ಹಿರಿಯರು ನೋಡಲು ಬಂದಿದ್ದರು. ಎಂದಿನಂತೆ, ಮಕ್ಕಳ ಆಟಕ್ಕೆ ಮಕ್ಕಳಿಗಿಂತ ಮೊದಲು ಬಂದವರು ಅವರೇ.

ಮೊದಲ ಐದಾರು ಸುತ್ತು ಚೆನ್ನಾಗೇ ಹೋಯಿತು. ಒಬ್ಬಳು ಬೆಕ್ಕಾದಳು. ಒಬ್ಬ ವಚನ ಮರೆತ. ಆಮೇಲೆ ಪೊಟ್ಟಣ ಅಮೋಲನ ಕೈಯಲ್ಲಿ ನಿಂತಿತು.

ಅಮೋಲ ಇಪ್ಪತ್ತೊಂದರ ಹುಡುಗ, ಮೊಂಢಾ ಪೇಟೆಯ ಒಂದು ಧಾನ್ಯದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ನಗುಮುಖದವನು. ಚೀಟಿ ಬಿಚ್ಚಿ ಜೋರಾಗಿ ಓದಲು ಶುರುಮಾಡಿದ. "ನಿಮ್ಮ ಬಲಗಡೆ ಕೂತವರ..." ಎಂದು ಓದಿ ನಿಲ್ಲಿಸಿದ.

ಬರೆದವಳು ನಾನೇ ಅಲ್ಲವೇ? ಉಳಿದದ್ದು ನನಗೆ ನೆನಪಿತ್ತು. ನಿಮ್ಮ ಬಲಗಡೆ ಕೂತವರ ಹಾಗೆ ನಡೆದು ತೋರಿಸಿ.

ಅವನ ಬಲಗಡೆ ಸರಿತಾ ಕೂತಿದ್ದಳು.

ಇಪ್ಪತ್ತೈದು ಚೀಟಿ. ಇಪ್ಪತ್ತೆರಡು ಜನ. ಆ ಚೀಟಿಗೆ ಆ ಜಾಗವೇ ಬೇಕಿತ್ತೆ? ಅಮೋಲ ಚೀಟಿ ಮಡಚಿ, ಬೇರೆ ಚೀಟಿ ಎತ್ತಲಾ ಎಂದು ಕೇಳಿದ. ಗುರೂಜಿಗೆ ಅವನು ಓದಿದಷ್ಟೂ ಕೇಳಿಸಿರಲಿಲ್ಲ. ಬಂದ ಚೀಟಿಯನ್ನೇ ಮಾಡಬೇಕು, ನಿಯಮ ನಿಯಮವೇ ಎಂದುಬಿಟ್ಟರು. ಸರಿತಾ ಕತ್ತು ಚಾಚಿ ಚೀಟಿ ಓದಿಕೊಂಡಳು. ಆಮೇಲೆ ಅಮೋಲನ ಭುಜ ತಟ್ಟಿ, ಮಾಡೋ ಎಂದಳು.

ಅಮೋಲ ಎದ್ದ. ಗೋಡೆ ಪಕ್ಕದ ಕುರ್ಚಿಗಳ ಕಡೆ ಒಮ್ಮೆ ನೋಡಿದ. ಆಮೇಲೆ ಬಾಗಿಲವರೆಗೆ ನಡೆದ, ತಿರುಗಿ ಬಂದ. ನೆಟ್ಟಗೆ. ಆಗಸ್ಟ್ ಹದಿನೈದರ ಪರೇಡಿನ ಹಾಗೆ, ಎದೆ ಸೆಟೆಸಿಕೊಂಡು, ನೆಟ್ಟನೆ ನೆಟ್ಟಗೆ.

ಆಮೇಲೆ ನಾನು ಚಪ್ಪಾಳೆ ತಟ್ಟಿದೆ.

ಹೌದು, ಮೊದಲು ತಟ್ಟಿದವಳು ನಾನೇ. ಚೀಟಿಯಲ್ಲಿ ಏನಿತ್ತೆಂದು ಕುರ್ಚಿಯಿಂದ ಕುರ್ಚಿಗೆ ಗುಸುಗುಸು ದಾಟಿತು, ನನ್ನ ಹಿಂದೆ ಎಲ್ಲ ಹಿರಿಯರೂ ತಟ್ಟಿದರು. ಎಷ್ಟು ಸಂಸ್ಕಾರ ಇರುವ ಹುಡುಗ ಎಂದು ಒಬ್ಬರು ಅಂದರು. ಗುರೂಜಿಗೆ ಆಗ ವಿಷಯ ತಿಳಿಯಿತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಪಾಸ್ಟರ್ ಸಣ್ಣದಾಗಿ ಹಲ್ಲೆಲೂಯ ಎಂದರು. ಸರಿತಾ ನಕ್ಕಳು. ಆಟ ಮುಗಿಯುವವರೆಗೆ ಕೂತಿದ್ದಳು. ಸಮೋಸ ತಿಂದು, ಹೋಗಿ ಬರ್ತೀನ್ರಿ ಎಂದು ಹೇಳಿಯೇ ಹೋದಳು.

ಆಹಾ, ಎಂಥ ಸಂಜೆ ಎಂದುಕೊಂಡೆ. ಮನೆಗೆ ಬಂದು ನನ್ನ ಗಂಡನಿಗೆ ಎರಡು ಸಲ ವರ್ಣಿಸಿದೆ. ಮುಂದಿನ ಅಂಕಣ ಇದರ ಮೇಲೇ ಬರೆಯಬೇಕು ಎಂದೂ ಹೇಳಿದೆ. ಈಗಿನ ಹುಡುಗರ ಹೃದಯ, ಅದು ಇದು. (ಬರೆಯಲಿಲ್ಲ. ದೇವರು ದೊಡ್ಡವನು.)

ಮುಂದಿನ ಶನಿವಾರ ಸರಿತಾ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಭಾನುವಾರದ ಆರಾಧನೆಗೂ ಇಲ್ಲ. ಮೆಸೇಜ್ ಹಾಕಿದೆ. ನೋಡಿದಳು, ಉತ್ತರ ಬರಲಿಲ್ಲ. ಪಾಸ್ಟರಿಗೆ ಹೇಳಿದರೆ ಪ್ರಾರ್ಥನೆಯಲ್ಲಿ ಇಡೋಣ ಎಂದರು. ನನಗೆ ರೇಗಿತು. ಪ್ರಾರ್ಥನೆಯಲ್ಲಿ ಇಡಿ, ಬೇಡ ಅನ್ನುವುದಿಲ್ಲ. ಆದರೆ ಯಾರಾದರೂ ಫೋನನ್ನಾದರೂ ಮಾಡಬೇಕಲ್ಲ?

ಮೂರನೆಯ ವಾರ ಅಮೋಲ ಲೈಬ್ರರಿಗೆ ಬಂದ. ಅವನು ನಮ್ಮ ಕಾಲೇಜಿನವನಲ್ಲ, ಪುಸ್ತಕ ಓದುವವನಂತೂ ಅಲ್ಲವೇ ಅಲ್ಲ. ನನ್ನ ಟೇಬಲ್ ಮುಂದೆ ಸ್ವಲ್ಪ ಹೊತ್ತು ನಿಂತ. ಸರಿತಾ ತನ್ನ ಜೊತೆ ಮಾತು ಬಿಟ್ಟಿದ್ದಾಳೆ, ಫೋನ್ ಎತ್ತುವುದಿಲ್ಲ, ಪರೀಕ್ಷೆಗೆ ಓದುವ ರಜೆ ಎಂದು ಊರಿಗೆ ಹೋಗಿದ್ದಾಳೆ ಎಂದು ಹೇಳಿದ.

"ನಾ ಏನ್ ಮಾಡಬೇಕಿತ್ತು, ಮಾವಶಿ?" ಎಂದು ಕೇಳಿದ. ಮಾವಶಿ ಅಂದರೆ ಚಿಕ್ಕಮ್ಮ. ಯೂತ್‌ನ ಎಲ್ಲರಿಗೂ ನಾನು ಮಾವಶಿಯೇ.

ಆಕೆಯ ಹಾಗೆ ವಾಲಿ ನಡೆದಿದ್ದರೆ ನಾವೆಲ್ಲ ಸೇರಿ ಅವನ ಕಿವಿ ಹಿಂಡುತ್ತಿದ್ದೆವು. ನಡೆಯಲಿಲ್ಲ, ಆಕೆ ಮಾತು ಬಿಟ್ಟಳು. ಹುಡುಗ ಏನು ಮಾಡಬೇಕಿತ್ತು? ಚೀಟಿ ಬರೆದ ಮಾವಶಿಯನ್ನು ಬೈದು ಕೂತುಬಿಡಬೇಕಿತ್ತು. ಅದೊಂದೇ ಸರಿ ಉತ್ತರ. ಅದನ್ನು ಹೇಳುವ ಧೈರ್ಯ ನನಗಾಗಲಿಲ್ಲ. ನಾಳೆ ಕಾಸಾರಶಿರಸಿಗೆ ಹೋಗಿ ಬರ್ತೀನಿ ಎಂದೆ.

ಉದಗೀರದಿಂದ ನಿಲಂಗಾ, ನಿಲಂಗಾದಲ್ಲಿ ಬಸ್ ಬದಲಿಸಿ ಕಾಸಾರಶಿರಸಿ. ದಾರಿ ತುಂಬ ನಾನು ಕ್ಷಮೆ ಕೇಳುವ ಮಾತು ಜೋಡಿಸಿದೆ. ಗೊತ್ತಿಲ್ಲದೆ ಬರೆದೆ, ಆ ಜಾಗಕ್ಕೆ ಆ ಚೀಟಿ ಬರುತ್ತದೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ, ಇತ್ಯಾದಿ. ಬಜಾರದಲ್ಲಿ ಕೇಳಿಕೊಂಡು ಮನೆ ಮುಟ್ಟಿದೆ. ಸರಿತಾಳ ಅವ್ವ ಬ್ಲೌಸು ಹೊಲಿಯುತ್ತ ಮಷೀನಿನ ಮುಂದೆ ಕೂತಿದ್ದಳು. ನೀರು ಕೊಟ್ಟು, ಚಹಾಕ್ಕಿಟ್ಟು, ಮಗಳನ್ನು ಕರೆದಳು. ಸರಿತಾ ಮನೆಯೊಳಗೆ ಬೂಟು ಹಾಕುವುದಿಲ್ಲ ಅಂತ ಕಾಣುತ್ತದೆ. ಗೋಡೆಗೆ ಕೈ ಹಿಡಿದು ಬಂದು ಎದುರಿಗೆ ಕೂತಳು.

ನಾನು ಜೋಡಿಸಿಕೊಂಡಿದ್ದನ್ನೆಲ್ಲ ಹೇಳಿದೆ. ಆಕೆ ಪೂರ್ತಿ ಕೇಳಿದಳು. ಆಮೇಲೆ ನನ್ನ ತಲೆಯಲ್ಲಿ ಇವತ್ತಿಗೂ ಕೂತಿರುವ ಮಾತು ಹೇಳಿದಳು.

"ಚೀಟಿಗೆ ನನಗ ಸಿಟ್ಟಿಲ್ರಿ ಮಾವಶಿ. ಚೀಟಿದೇನ್ ತಪ್ಪದ? ನೀವು ಚಪ್ಪಾಳಿ ಯಾಕ ಹೊಡದ್ರಿ, ಅದು ಹೇಳ್ರಿ."

ನಾನು ನೀರಿನ ಲೋಟ ಎತ್ತಿಕೊಂಡೆ. ಆಕೆ ಮುಂದುವರಿಸಿದಳು.

"ಅಂವಾ ನೆಟ್ಟಗ ನಡದ. ಅದಕ್ಕ ಅಷ್ಟು ಮಂದಿ ಚಪ್ಪಾಳಿ ಹೊಡದ್ರಿ. ಅಂದ್ರ ನನ್ನಂಗ ನಡಿಯೋದು ಅಷ್ಟು ಕೆಟ್ಟದ್ದೇನ್ರಿ, ಯಾರೂ ನೋಡಬಾರದಂಗ?"

ಮಷೀನಿನ ಸದ್ದು ನಿಂತಿತ್ತು. ಅವ್ವ ತಲೆ ಎತ್ತಲಿಲ್ಲ.

ಆಮೇಲೆ ಸರಿತಾ ಹೇಳಿದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಈ ಅಮೋಲ ನಕಲು ಮಾಡುವುದರಲ್ಲಿ ಗಟ್ಟಿಗನಂತೆ. ಚರ್ಚಿನ ಹಿಂದಿನ ಗಲ್ಲಿಯಲ್ಲಿ ಹುಡುಗರೆಲ್ಲ ಸೇರಿದಾಗ ಎಲ್ಲರ ನಡಿಗೆಯನ್ನೂ ಮಾಡಿ ತೋರಿಸುತ್ತಾನಂತೆ. ಪಾಸ್ಟರದು, ಗುರೂಜಿದು, ನನ್ನದೂ. ಸರಿತಾಳದ್ದೂ ಮಾಡುತ್ತಾನಂತೆ. ಮೊದಲ ಸಲ ಅವನು ಮಾಡಿದಾಗ ಈಕೆಯೇ, ಹೀಗಲ್ಲ, ಸೊಂಟ ಮೊದಲು ಹೋಗಬೇಕು, ಆಮೇಲೆ ಕಾಲು ಎಂದು ತಿದ್ದಿ ಕಲಿಸಿದ್ದಳಂತೆ. ಎಲ್ಲರ ನಡಿಗೆಯ ಸಾಲಿನಲ್ಲಿ ತನ್ನದೂ ಒಂದು. ಎಲ್ಲರೂ ನಗುತ್ತಾರೆ, ತಾನೂ ನಗುತ್ತಾಳೆ. ಆ ದಿನ ಚೀಟಿ ಓದಿದಾಗ ಆಕೆಗೆ ಖುಷಿಯಾಗಿತ್ತಂತೆ, ಹಿರಿಯರ ಮುಂದೆ ಒಂದು ಮಜಾ ಆಗುತ್ತದೆ ಎಂದು. ಅಮೋಲ ಎದ್ದು ನಮ್ಮ ಮುಖ ನೋಡಿದ. ಹೆದರಿಬಿಟ್ಟ. ಪರೇಡು ಹೊಡೆದ.

"ನಿಮ್ಮ ಮುಂದ ಅಂವಾ ನನ್ನ ಗುರುತೇ ಹಿಡಿಲಿಲ್ಲ. ಆಮ್ಯಾಲ ಗುರೂಜಿ ಕಣ್ಣಾಗ ನೀರು. ನಾ ಏನ್ ಸತ್ತೀನೇನ್ರಿ?"

ಇನ್ನೂ ಇತ್ತು. ಕಿಲ್ಲಾದ ಪಿಕ್ನಿಕ್ ರದ್ದಾದದ್ದು ಯಾಕೆ ಎಂಬುದು ಹುಡುಗರಿಗೆ ಗೊತ್ತಾಗಿತ್ತು. (ಸಮಿತಿಯಲ್ಲಿ ನಾವು ಮೂವರೇ ಇದ್ದೆವು. ಯಾರು ಹೇಳಿದರು? ನಾನು ಹೇಳಿಲ್ಲ. ನನ್ನ ಗಂಡನಿಗೆ ಬಿಟ್ಟು ಯಾರಿಗೂ ಹೇಳಿಲ್ಲ.) ಇಬ್ಬರು ಹುಡುಗಿಯರು ಆಕೆಯ ಮುಖಕ್ಕೇ ಹೇಳಿದ್ದರು, ನಿನ್ನ ಸಲುವಾಗಿ ನಮ್ಮದೂ ಹೋಯಿತು ಎಂದು. ಆಮೇಲೆ ಒಂದು ವಾರ ಹಾಸ್ಟೆಲಿನ ಊಟಕ್ಕೆ ಆಕೆಯನ್ನು ಕರೆಯದೆ ಹೋಗಿದ್ದರು. ಮೂರು ವರ್ಷದಿಂದ ಆಕೆ ಉದಗೀರದಲ್ಲಿದ್ದಾಳೆ. ಕಿಲ್ಲಾಕ್ಕೆ ಏಳೆಂಟು ಸಲ ಹೋಗಿದ್ದಾಳೆ. ಹತ್ತಲು ಆಗುವಷ್ಟು ಹತ್ತುತ್ತಾಳೆ, ಆಗದಾಗ ಕೂರುತ್ತಾಳೆ.

ನನ್ನನ್ನೇ ಕೇಳಬಹುದಿತ್ತಲ್ಲ ಎಂದಳು. ಅಷ್ಟೇ.

ನಾಲ್ಕು ತಿಂಗಳು. ಮೂವರು ಓದಿದ ಜನ. ಹಗ್ಗದಲ್ಲಿ ಅಧ್ಯಾತ್ಮ ಹುಡುಕಿದೆವು. ವಕೀಲರ ಅಂಗಳದ ಬಗ್ಗೆ ಯೋಚಿಸಿದೆವು. ಇಪ್ಪತ್ತೆರಡು ಜನರಲ್ಲಿ ಒಬ್ಬರನ್ನಾದರೂ, ನಿಮಗೆ ಏನು ಬೇಕು ಎಂದು ಕೇಳಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಕೇಳಿದರೆ ಹಿರಿತನ ಸವೆದುಹೋಗುತ್ತದೆಯೇ? ನಾನು ಮರಳಿ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ನನ್ನನ್ನೇ ಬೈದುಕೊಂಡೆ. ಪಕ್ಕದಲ್ಲಿ ಕೂತ ಹೆಂಗಸು ಸ್ವಲ್ಪ ದೂರ ಸರಿದಳು.

ಸಮಿತಿಯಲ್ಲಿ ಕಿಲ್ಲಾ ವಿಷಯ ಮತ್ತೆ ತೆಗೆದೆ. ಗುರೂಜಿ ಒಪ್ಪಲಿಲ್ಲ. ಆಕಿ ಬಿದ್ದರ ಯಾರು ಜವಾಬ್ದಾರಿ ಎಂದರು. ಪಾಸ್ಟರ್ ಎರಡೂ ಕಡೆ ತಲೆ ಆಡಿಸಿದರು. ಅಷ್ಟರಲ್ಲಿ ಹುಡುಗರು ನಮ್ಮ ಸಮಿತಿಯ ದಾರಿ ಕಾಯುವುದನ್ನು ಬಿಟ್ಟಿದ್ದರು. ಪರೀಕ್ಷೆ ಮುಗಿದ ಭಾನುವಾರ ಸಂಜೆ ಕಿಲ್ಲಾಕ್ಕೆ ಹೋಗುತ್ತೇವೆ, ಮನೆಯಲ್ಲಿ ಹೇಳಿದ್ದೇವೆ, ಹಿರಿಯರು ಬರುವುದಾದರೆ ಬರಬಹುದು ಎಂದು ಗ್ರೂಪಿನಲ್ಲಿ ಮೆಸೇಜ್ ಬಂತು. ಹಾಕಿದವಳು ಸರಿತಾ. ಕಾಸಾರಶಿರಸಿಯಿಂದ ಆಕೆಯನ್ನು ಕರೆತರಲು ಅಮೋಲ ಹೋಗಿದ್ದನಂತೆ. ಅವಳ ಮನೆಯ ಮುಂದೆ, ಅಡ್ಡಾಡುವ ಮಂದಿಯ ಮುಂದೆ, ಅವಳ ಹಾಗೆ ಹತ್ತು ಹೆಜ್ಜೆ ನಡೆದು ತೋರಿಸಿದನಂತೆ. ಅವ್ವ ಸೂಜಿ ಹಿಡಿದೇ ಹೊರಗೆ ಬಂದಳಂತೆ ಅವನಿಗೆ ಹೊಡೆಯಲು. ಮಗಳು ನಗುತ್ತಿರುವುದನ್ನು ನೋಡಿ ಒಳಗೆ ಹೋದಳಂತೆ.

ಪಾಸ್ಟರ್ ಬಂದರು, ನಾನೂ ಹೋದೆ. ಗುರೂಜಿ ಬರಲಿಲ್ಲ.

ಅಲ್ಲಿ ಏನಾಯಿತು ಎಂದು ದೊಡ್ಡದಾಗಿ ಹೇಳಲು ಏನೂ ಇಲ್ಲ. ಬುರುಜಿನ ಮೆಟ್ಟಿಲ ಹತ್ತಿರ ಹುಡುಗರೆಲ್ಲ ದಡದಡ ಮೇಲೆ ಹೋದರು. ಸರಿತಾಳಿಗಾಗಿ ಯಾರೂ ಕಾಯಲಿಲ್ಲ. ನಿಲ್ಲಿರೋ, ಒಬ್ಬರಾದರೂ ಕೈ ಹಿಡೀರೋ ಎಂದು ಕೂಗಬೇಕೆನಿಸಿತು. ಬಾಯಿ ಬಿಗಿಹಿಡಿದೆ. ಆಕೆ ಎರಡು ಕಡೆ ಕೂತಳು. ಬೆವರು ಒರೆಸಿಕೊಂಡಳು. ಮೇಲೆ ಮುಟ್ಟಿದಳು. ಇಳಿಯುವಾಗ ಮೆಟ್ಟಿಲ ಮೇಲೆ ಕೂತುಕೊಂಡೇ ಒಂದೊಂದಾಗಿ ಜಾರಿ ಬಂದಳು. ಸಲ್ವಾರಿಗೆಲ್ಲ ಧೂಳು. ಯಾರೂ ತಿರುಗಿ ನೋಡಲಿಲ್ಲ. ನೋಡದೆ ಇರುವುದು ಎಷ್ಟು ಕಷ್ಟ ಎಂದು ನನಗೆ ಆ ದಿನ ಗೊತ್ತಾಯಿತು. ನಾನು ನೋಡಿದೆ, ನಾಲ್ಕು ಸಲ.

ಮರುದಿನ ಆಕೆಗೆ ಕಾಲು ನೋವು. ಎರಡು ದಿನ ಹಾಸ್ಟೆಲಿನಿಂದ ಹೊರಗೆ ಬರಲಿಲ್ಲ. ಅದನ್ನೂ ಹೇಳಬೇಕು, ಮುಚ್ಚಿಡುವುದು ಸರಿಯಲ್ಲ. ಆ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಮಾತಾಡಿಸಲು ಶುರು ಮಾಡಿದ್ದಾಳೆ. ಇನ್ನೊಬ್ಬಳು ಇನ್ನೂ ಇಲ್ಲ.

ಹಾಂ, ಡಬ್ಬಿ ಬಿಚ್ಚಿ ತಿನ್ನುವಾಗ ಹುಡುಗರೆಲ್ಲ ಒತ್ತಾಯ ಮಾಡಿದರು, ಅಮೋಲ ನನ್ನ ನಡಿಗೆ ಮಾಡಿ ತೋರಿಸಿದ. ಬ್ಯಾಗನ್ನು ಎದೆಗೆ ಅವಚಿಕೊಂಡು, ಗದ್ದ ಮೇಲೆ ಮಾಡಿ, ಊರಲ್ಲಿ ಎಲ್ಲರೂ ಪುಸ್ತಕ ವಾಪಸ್ ಕೊಡದವರೇ ಎಂಬಂತೆ ಅತ್ತಿತ್ತ ಅನುಮಾನದಿಂದ ನೋಡುತ್ತ, ಸಣ್ಣ ಸಣ್ಣ ಹೆಜ್ಜೆ. ಮೊದಲು ನನಗೆ ಸಿಟ್ಟು ಬಂತು. ನಾನು ಹೀಗೆ ನಡೆಯುತ್ತೇನೆಯೇ? ಐವತ್ತೆರಡು ವರ್ಷದಲ್ಲಿ ಒಬ್ಬರೂ ಹೇಳಿಲ್ಲ. ಪಾಸ್ಟರ್ ಮುಖ ತಿರುಗಿಸಿಕೊಂಡು ಅಲುಗಾಡುತ್ತಿದ್ದರು. ಆಮೇಲೆ ನಾನೂ ನಕ್ಕೆ. ಪೂರ್ತಿ ಮನಸ್ಸಿನಿಂದ ಅಲ್ಲ, ಮುಕ್ಕಾಲು.

ಕಳೆದ ವಾರ ಮತ್ತೆ ಸಮಿತಿ ಸೇರಿತು. ಪಾಸ್ಟರ್ ಎಲ್ಲ ವಿವರಿಸಿದರು. ನನಗೆ ಗುರೂಜಿಯ ಮೇಲೆ ಎಷ್ಟು ರೇಗಿದ್ದರೂ, ಆಗ ಅವರು ಹೇಳಿದ್ದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾಗುತ್ತದೆ. ಸರಿತಾ ಐದು ವರ್ಷದವಳಿದ್ದಾಗ ಅವರು ಕಾಸಾರಶಿರಸಿಯ ಕಡೆ ಮಾಸ್ತರರಾಗಿದ್ದರಂತೆ. ಆಕೆಯ ಮೊದಲ ಬೂಟಿನ ಅಳತೆ ಕೊಡಲು ದವಾಖಾನೆಗೆ ಅವ್ವನ ಜೊತೆ ಹೋದವರು ಅವರೇ. ಬಸ್ ಸ್ಟ್ಯಾಂಡಿನಿಂದ ದವಾಖಾನೆಯವರೆಗೆ ಹೆಗಲ ಮೇಲೆ ಹೊತ್ತಿದ್ದರಂತೆ.

"ನನ್ನ ಹೆಗಲಿಗಿ ಆಕಿ ಇನ್ನಾ ಅಷ್ಟೇ ಸಣ್ಣಾಕಿ ಇದ್ದಾಳ್ರಿ, ಬಾಯಿ. ಏನ್ ಮಾಡಲಿ?" ಎಂದರು.

ಪ್ರೀತಿಯೇ ಅದು. ಆದರೆ ಪ್ರೀತಿಯವರೇ ಕೆಳಗೆ ಇಳಿಸದೆ ಹೋದರೆ ಆ ಹುಡುಗಿ ಯಾರ ಹತ್ತಿರ ಜಗಳಾಡಬೇಕು?

ಕೊನೆಗೆ ಅವರೇ ಒಂದು ದಾರಿ ಸೂಚಿಸಿದರು. ಸಮಿತಿಗೆ ಸರಿತಾಳನ್ನೂ ಸೇರಿಸಿಕೊಳ್ಳೋಣ ಎಂದರು. ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಆಕೆ ಹೊರಗೆ ಹಾಡಿನ ಪ್ರಾಕ್ಟೀಸಿನಲ್ಲಿ ಇದ್ದಳು, ಪಾಸ್ಟರ್ ಕರೆದು ತಂದರು. ಅಷ್ಟರಲ್ಲಿ ಗುರೂಜಿ ರಿಜಿಸ್ಟರಿನಲ್ಲಿ ಚೆಂದದ ಅಕ್ಷರದಲ್ಲಿ ಬರೆದಿದ್ದರು. ನನ್ನ ಹೆಸರಿನ ಮುಂದೆ ‘ಮಹಿಳಾ ಪ್ರತಿನಿಧಿ’ ಎಂದು ಮೊದಲೇ ಇತ್ತು. (ನನಗೆ ಗೊತ್ತೇ ಇರಲಿಲ್ಲ. ಇಷ್ಟು ತಿಂಗಳಿಂದ ನಾನು ಪ್ರತಿನಿಧಿಯಂತೆ.) ಅದರ ಕೆಳಗೆ ಸರಿತಾಳ ಹೆಸರು. ಅದರ ಮುಂದೆ ‘ದಿವ್ಯಾಂಗ ಪ್ರತಿನಿಧಿ’.

ಸಹಿ ಮಾಡು ಎಂದು ರಿಜಿಸ್ಟರ್ ಆಕೆಯ ಕಡೆ ತಿರುಗಿಸಿದರು. ಆಕೆ ಓದಿದಳು. ಪೆನ್ನು ಹಿಡಿಯಲಿಲ್ಲ.

"ನಾ ಯೂತ್ ಪರವಾಗಿ ಬರ್ತೀನ್ರಿ ಗುರೂಜಿ," ಎಂದಳು, ಮೆತ್ತಗೆ. "ಕಾಲಿನ ಪರವಾಗಿ ಅಲ್ಲ."

ಗುರೂಜಿ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಸ್ಕೇಲ್ ಇಟ್ಟು ಆ ಎರಡು ಶಬ್ದದ ಮೇಲೆ ಗೆರೆ ಎಳೆದರು. ಆಮೇಲೆ ನಿಜವಾಗಿ ದಿಕ್ಕು ತೋಚದವರಂತೆ ನನ್ನ ಕಡೆ ತಿರುಗಿ, ಹಂಗಾದ್ರ ಈ ಕಾಲಂನಾಗ ಏನು ಬರಿಯೋದು, ಖಾಲಿ ಬಿಡಲಿಕ್ಕ ಬರೂದಿಲ್ಲಲ್ಲ ಎಂದರು.

ಒಂದು ಹುಡುಗಿಯ ಹೆಸರನ್ನು ಬರೀ ಹೆಸರಾಗಿ ಬರೆದು ಸುಮ್ಮನಿರುವುದು ನಮಗೆ ಇಷ್ಟೊಂದು ಕಷ್ಟ ಯಾಕಾಗಬೇಕು ಹೇಳಿ?